ಓದುಗರ ಪ್ರಶ್ನೆ: ನಮ್ಮ ಸಾಹಿತ್ಯ ಸಭೆಗಳಲ್ಲಿ ಪುಸ್ತಕಕ್ಕೆ ಎಷ್ಟು ಹೊತ್ತು?

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಬುರಗಿ ಮತ್ತು ಅದರ ಸುತ್ತಲಿನ ಊರುಗಳ ಸಾಹಿತ್ಯ ಕಾರ್ಯಕ್ರಮಗಳನ್ನು ಕುರಿತವು. ಅವುಗಳನ್ನು ಒಟ್ಟಿಗೆ ತೆಗೆದುಕೊಂಡರೆ ಒಂದು ಉತ್ತರ ಇನ್ನೊಂದಕ್ಕೆ ನೆರವಾಗುತ್ತದೆ ಎಂಬ ಕಾರಣಕ್ಕೆ ಈ ಸಲದ ಪುಟಗಳನ್ನು ಅವಕ್ಕೇ ಮೀಸಲಿಟ್ಟಿದ್ದೇನೆ. ಮೂರು ದಶಕಗಳ ಕಾಲ ಇಲ್ಲಿನ ಕಾಲೇಜುಗಳಲ್ಲಿ ಕನ್ನಡ ಕಲಿಸುತ್ತ, ಕೆಲವು ಸಭೆಗಳನ್ನು ನಾನೇ ಏರ್ಪಡಿಸಿ, ಬಹಳಷ್ಟು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಾನು ಸುರಪುರ ತಾಲೂಕಿನ ಹಳ್ಳಿಯವಳು. ಕನ್ನಡ ಎಂ.ಎ. ಓದಲು ಈ ವರ್ಷ ಕಲಬುರಗಿಗೆ ಬಂದಿದ್ದೇನೆ. ಪಠ್ಯದಲ್ಲಿರುವ ಲೇಖಕರನ್ನು ಎದುರಿಗೆ ನೋಡಿ ಕೇಳಬೇಕೆಂಬ ಆಸೆಯಿದೆ. ಇಂಥ ಸಭೆಗಳು ಎಲ್ಲಿ ನಡೆಯುತ್ತವೆ, ಅಲ್ಲಿಗೆ ಆಮಂತ್ರಣವಿಲ್ಲದೆ ಹೋಗಬಹುದೇ?

ಉತ್ತರ: ಖಂಡಿತವಾಗಿ ಹೋಗಬಹುದು. ಆಮಂತ್ರಣ ಪತ್ರಿಕೆಯ ಕೆಳಗೆ ‘ಸರ್ವರಿಗೂ ಆದರದ ಸ್ವಾಗತ’ ಎಂದು ಅಚ್ಚು ಹಾಕಿಸಿದವರು ಆ ಮಾತನ್ನು ಮನಸಾರೆ ಹೇಳಿರುತ್ತಾರೆ, ಏಕೆಂದರೆ ಖಾಲಿ ಕುರ್ಚಿಗಳ ಚಿಂತೆ ಸಭೆ ಏರ್ಪಡಿಸಿದವರಿಗಿರುವಷ್ಟು ಬೇರೆ ಯಾರಿಗೂ ಇರುವುದಿಲ್ಲ. ನಗರದಲ್ಲಿ ಕನ್ನಡ ಭವನ ಮತ್ತು ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಇಂಥ ಸಭೆಗಳ ಮುಖ್ಯ ಸ್ಥಳಗಳು. ವಿಶ್ವವಿದ್ಯಾಲಯದಲ್ಲಿಯೇ ಓದುತ್ತಿದ್ದರೆ ಕನ್ನಡ ಅಧ್ಯಯನ ಸಂಸ್ಥೆಯ ಸೂಚನಾ ಫಲಕವನ್ನು ವಾರಕ್ಕೊಮ್ಮೆಯಾದರೂ ನೋಡಿ. 2009ರಲ್ಲಿ ಆರಂಭವಾಗಿ ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೊರ ರಾಜ್ಯಗಳ ಲೇಖಕರೂ ವಿದ್ವಾಂಸರೂ ಬರುತ್ತಾರೆ, ಆದರೆ ನಗರದಿಂದ ದೂರವಾಗಿರುವುದರಿಂದ ಅಲ್ಲಿಯ ಕಾರ್ಯಕ್ರಮಗಳ ಸುದ್ದಿ ಪೇಟೆಗೆ ತಡವಾಗಿ ಮುಟ್ಟುತ್ತದೆ. ಅಲ್ಲಿ ಓದುವ ಒಬ್ಬಿಬ್ಬರ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ದಿನಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಬರುವ ‘ನಗರದಲ್ಲಿ ಇಂದು’ ಎಂಬಂಥ ಸಣ್ಣ ಪಟ್ಟಿಯನ್ನು ಬೆಳಗ್ಗೆ ಓದುವ ರೂಢಿ ಮಾಡಿಕೊಳ್ಳಿ. ಈಗ ಬಹುಪಾಲು ಆಮಂತ್ರಣಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಒಂದು ಸಭೆಗೆ ಹೋಗಿ ಅಲ್ಲಿ ನಿರೂಪಣೆ ಮಾಡಿದವರಿಗೆ ನಿಮ್ಮ ಹೆಸರು ಹೇಳಿದರೆ ಮುಂದಿನ ಹತ್ತು ಸಭೆಗಳ ಪತ್ರಿಕೆ ತಾನಾಗಿ ಬರುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಸಭೆಗಳು ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದಲೂ ಪರೀಕ್ಷೆಗಳಿರುವುದರಿಂದಲೂ ಬಹಳ ಕಡಿಮೆ.

ಇನ್ನೊಂದು ಮಾತು. ಹೋಗುವ ಮುಂಚೆ ಆ ಲೇಖಕರ ಒಂದು ಕತೆಯನ್ನೋ ನಾಲ್ಕು ಕವಿತೆಗಳನ್ನೋ ಓದಿಕೊಂಡು ಹೋಗಿ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಸಿಗದಿದ್ದರೆ ನಗರ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಓದಿಕೊಂಡು ಹೋದವರಿಗೆ ಸಂಕೋಚ ತಾನಾಗಿ ಕಡಿಮೆಯಾಗುತ್ತದೆ, ಏಕೆಂದರೆ ಕೇಳಲು ಅವರ ಬಳಿ ಏನಾದರೂ ಇರುತ್ತದೆ.

ಪ್ರಶ್ನೆ: ಇತ್ತೀಚೆಗೆ ನಗರದಲ್ಲಿ ಒಂದು ಕಾದಂಬರಿಯ ಬಿಡುಗಡೆಗೆ ಹೋಗಿದ್ದೆ. ಹತ್ತೂವರೆಗೆಂದಿದ್ದ ಸಭೆ ಹನ್ನೊಂದೂವರೆಗೆ ಆರಂಭವಾಯಿತು. ವೇದಿಕೆಯ ಮೇಲೆ ಹನ್ನೆರಡು ಜನರಿದ್ದರು. ಲೇಖಕರಿಗೆ ಸಿಕ್ಕಿದ್ದು ಏಳೆಂಟು ನಿಮಿಷ. ಕಾದಂಬರಿಯ ಒಂದು ಸಾಲನ್ನೂ ಯಾರೂ ಓದಲಿಲ್ಲ. ನಮ್ಮ ಭಾಗದಲ್ಲಿ ಕೇಳುವವರೇ ಇಲ್ಲ ಎಂದು ದೂರುತ್ತಾರೆ. ಹೀಗಿದ್ದರೆ ಯಾರು ಬಂದು ಕೇಳಬೇಕು? — ನಿವೃತ್ತ ಬ್ಯಾಂಕ್ ನೌಕರರು, ಕಲಬುರಗಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನಗೂ ಬಹಳ ದಿನಗಳಿಂದ ಕಾಡುತ್ತಿರುವ ವಿಷಯ ಇದು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು, ಇಷ್ಟು ಜನ ವೇದಿಕೆಯ ಮೇಲೆ ಏಕಿರುತ್ತಾರೆ ಎಂಬುದನ್ನು ಅರ್ಥ ಮಾಡಿಕೊಳ್ಳೋಣ. ಪುಸ್ತಕ ಬಿಡುಗಡೆಯ ಖರ್ಚು ಸಾಮಾನ್ಯವಾಗಿ ಲೇಖಕರ ಕೈಯಿಂದಲೇ ಹೋಗುತ್ತದೆ. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಆಮಂತ್ರಣ ಪತ್ರಿಕೆ, ಹಾರ, ಶಾಲು, ನೆನಪಿನ ಕಾಣಿಕೆ, ಬಂದವರಿಗೆ ಚಹಾ ಮತ್ತು ಸುಸಲಾ, ಹೀಗೆ ಒಂದೊಂದಕ್ಕೂ ಒಬ್ಬೊಬ್ಬರು ಕೈಜೋಡಿಸಿರುತ್ತಾರೆ. ಕೈಜೋಡಿಸಿದವರನ್ನು ಕೆಳಗೆ ಕೂಡ್ರಿಸುವುದಕ್ಕೆ ಮನಸ್ಸು ಬರುವುದಿಲ್ಲ, ಮೇಲೆ ಕೂಡ್ರಿಸಿದ ಮೇಲೆ ಮಾತಾಡಿಸದಿರುವುದು ಸರಿಯಲ್ಲ ಎನಿಸುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಬಿಡುಗಡೆ, ಕೃತಿ ಪರಿಚಯ, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಂಬ ಸಾಲು ಹೀಗೆ ಬೆಳೆಯುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಪುಸ್ತಕ ಮಾತ್ರ ಬಣ್ಣದ ಕಾಗದದಲ್ಲಿ ಸುತ್ತಿಕೊಂಡು ಹರಿವಾಣದಲ್ಲಿ ಬಂದು, ಛಾಯಾಚಿತ್ರಕ್ಕಾಗಿ ಎದೆಮಟ್ಟಕ್ಕೆ ಏರಿ, ಮತ್ತೆ ಮೇಜಿನ ಮೇಲೆ ಮುಚ್ಚಿಕೊಂಡು ಮಲಗುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸಭಾಂಗಣದಲ್ಲಿ ನನ್ನ ಸ್ನೇಹಿತರೊಬ್ಬರ ಮೊದಲ ಕಥಾಸಂಕಲನದ ಬಿಡುಗಡೆಯಿತ್ತು. ಅತಿಥಿಗಳ ಪಟ್ಟಿ ಮಾಡಿದವನು ನಾನೇ. ಅವರು ತಮ್ಮ ಊರಿನಿಂದ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಅಕ್ಷರ ಬಾರದ ಆ ತಾಯಿ ಎರಡನೆಯ ಸಾಲಿನ ತುದಿಯಲ್ಲಿ, ಸೆರಗನ್ನು ತಲೆಯ ಮೇಲೆ ಹೊದ್ದು, ಮಗ ಏನು ಬರೆದಿದ್ದಾನೆ ಎಂದು ಕೇಳಲು ಕುಳಿತಿದ್ದರು. ಮೂರು ಗಂಟೆಗಳಲ್ಲಿ ಹನ್ನೊಂದು ಜನ ಮಾತಾಡಿದರು. ಮಗನ ಸರದಿ ಬರುವಷ್ಟರಲ್ಲಿ ಸಭಾಂಗಣದ ಅವಧಿ ಮುಗಿದು, ಅಲ್ಲಿಯ ಕಾವಲುಗಾರ ಹಿಂದಿನ ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದ್ದ. ನನ್ನ ಸ್ನೇಹಿತರು ಎಲ್ಲರಿಗೂ ಕೈಮುಗಿದು ಎರಡು ಮಾತು ಹೇಳಿ ಕುಳಿತರು. ಮೆಟ್ಟಿಲು ಇಳಿಯುವಾಗ ಆ ತಾಯಿ ಮಗನ ಕೈ ಹಿಡಿದು, “ನೀ ಬರ್ದಿದ್ದು ಯಾರೂ ಓದ್ಲೇ ಇಲ್ಲಲ್ಲಪಾ” ಎಂದರು. ಆ ಪಟ್ಟಿ ಮಾಡಿದ ತಪ್ಪು ನನ್ನದು ಎಂದು ಅವತ್ತೇ ನನಗೆ ತಿಳಿಯಿತು. ಅಲ್ಲಿಂದ ಮುಂದೆ ನಾನು ಏರ್ಪಡಿಸಿದ ಯಾವ ಸಭೆಯಲ್ಲಿಯೂ ಮೂವರಿಗಿಂತ ಹೆಚ್ಚು ಜನರನ್ನು ವೇದಿಕೆಗೆ ಕರೆದಿಲ್ಲ. ಅದಕ್ಕಾಗಿ ಕೆಲವರ ಮುನಿಸನ್ನು ಸಹಿಸಿದ್ದೇನೆ, ಕಾಲ ಕಳೆದಂತೆ ಅವರೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಇನ್ನು, ನಮ್ಮ ಭಾಗದಲ್ಲಿ ಕೇಳುವವರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಳುವುದರಲ್ಲಿ ನಮ್ಮ ಜಿಲ್ಲೆಗಳಷ್ಟು ಪಳಗಿದ ಜನ ಅಪರೂಪ. ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಪರಂಪರೆಯವರ ತತ್ವಪದಗಳನ್ನು ಏಕತಾರಿ, ತಾಳಗಳ ಜೊತೆ ಹಾಡುವ ಭಜನೆಗೆ ಅಮಾವಾಸ್ಯೆಯ ರಾತ್ರಿ ಒಮ್ಮೆ ಹೋಗಿ ನೋಡಿ. ಹೊಲದಲ್ಲಿ ದಿನವಿಡೀ ದುಡಿದು ಬಂದವರು ಬೆಳಗಿನ ಜಾವದವರೆಗೆ ಕುಳಿತಿರುತ್ತಾರೆ. ಒಂದು ಪದ ಮುಗಿದ ಕೂಡಲೇ ಯಾರೋ ಒಬ್ಬರು ಅದರ ಒಡಪು ಬಿಡಿಸಿ ಹೇಳುವಂತೆ ಕೇಳುತ್ತಾರೆ, ಇನ್ನೊಬ್ಬರು ತಮಗೆ ತಿಳಿದ ಅರ್ಥ ಹೇಳುತ್ತಾರೆ, ಹಾಡುವವರು ಅದಕ್ಕೆ ಇನ್ನೊಂದು ಪದದಿಂದಲೇ ಉತ್ತರ ಕೊಡುತ್ತಾರೆ. ಉರ್ದು ಮುಶಾಯಿರಾಗಳೂ ನಮ್ಮ ನಗರಕ್ಕೆ ಹೊಸವಲ್ಲ. ಅಲ್ಲಿ ಕವಿ ಒಂದು ಸಾಲು ಹೇಳಿದರೆ ಸಭೆ ಆ ಸಾಲನ್ನು ಮರಳಿ ಹೇಳುತ್ತದೆ, ಮೆಚ್ಚಿಗೆಯಾದರೆ ‘ಮುಕರ್ರರ್’ ಎಂದು ಇನ್ನೊಮ್ಮೆ ಕೇಳಿಸಿಕೊಳ್ಳುತ್ತದೆ, ಎರಡನೆಯ ಸಾಲಿಗಾಗಿ ಕಾಯುತ್ತದೆ. ಈ ಎರಡೂ ಕಡೆ ಮೊದಲು ಬರುವುದು ಪದ್ಯ, ಮಾತು ಬರುವುದು ಅದರ ಬೆನ್ನ ಹಿಂದೆ. ನಮ್ಮ ಬಿಡುಗಡೆ ಸಭೆಗಳಲ್ಲಿ ಮಾತೇ ಮೊದಲು ಬಂದು, ಕೃತಿ ಬರುವುದೇ ಇಲ್ಲ. ಜನ ಎದ್ದು ಹೋಗುವುದು ಸಾಹಿತ್ಯಕ್ಕೆ ಬೇಸತ್ತು ಅಲ್ಲ, ಸಾಹಿತ್ಯ ಬರುವುದನ್ನು ಕಾದು ಬೇಸತ್ತು.

ಹಾಗಾದರೆ ಏನು ಮಾಡಬೇಕು? ನಾನು ಮಾಡಿ ನೋಡಿ ಸರಿಯೆನಿಸಿದ್ದನ್ನು ಹೇಳುತ್ತೇನೆ. ಒಂದೂವರೆ ಗಂಟೆಯ ಸಭೆಯಾದರೆ ಸ್ವಾಗತ ಐದು ನಿಮಿಷದೊಳಗೆ ಮುಗಿಯಬೇಕು. ಅದಾದ ಕೂಡಲೇ, ಬೇರೆ ಯಾವ ಭಾಷಣವೂ ಆಗುವ ಮುಂಚೆ, ಲೇಖಕರು ಇಪ್ಪತ್ತು ನಿಮಿಷ ಓದಬೇಕು. ಸಾಮಾನ್ಯ ಪುಸ್ತಕದ ಅಳತೆಯಾದ ಡೆಮಿ ಆಕಾರದ ಒಂದು ಪುಟವನ್ನು ಗಟ್ಟಿಯಾಗಿ, ನಿಧಾನವಾಗಿ ಓದಲು ಎರಡರಿಂದ ಎರಡೂವರೆ ನಿಮಿಷ ಬೇಕಾಗುತ್ತದೆ, ಅಂದರೆ ಎಂಟು ಪುಟ. ಆ ಎಂಟು ಪುಟಗಳನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಓದಿ ನೋಡಿಕೊಂಡಿರಬೇಕು. ಕಾದಂಬರಿಯಾದರೆ ಮಾತುಕತೆ ಇರುವ ಭಾಗ ಒಳ್ಳೆಯದು, ಮೊದಲ ಅಧ್ಯಾಯವೇ ಆಗಬೇಕೆಂದಿಲ್ಲ. ಅನಂತರ ಕೃತಿಯನ್ನು ಪೂರ್ತಿ ಓದಿದ ಒಬ್ಬರು ಹದಿನೈದು ನಿಮಿಷ ಮಾತಾಡಲಿ. ಕೃತಿಯನ್ನು ಓದಲು ಸಮಯವಾಗಲಿಲ್ಲ ಎಂದು ವೇದಿಕೆಯ ಮೇಲೆಯೇ ಹೇಳುವ ಅತಿಥಿಗಳನ್ನು ನಾವೆಲ್ಲ ಕಂಡಿದ್ದೇವೆ. ಪುಸ್ತಕವನ್ನು ತಿಂಗಳ ಮೊದಲೇ ಕೈಗಿಟ್ಟರೆ ಆ ನೆಪ ಉಳಿಯುವುದಿಲ್ಲ. ಉಳಿದ ಹೊತ್ತು ಸಭೆಯಲ್ಲಿರುವವರ ಪ್ರಶ್ನೆಗಳಿಗೆ. ನೆರವು ಕೊಟ್ಟವರ ಹೆಸರುಗಳನ್ನು ಆಮಂತ್ರಣದಲ್ಲಿ ಅಚ್ಚು ಹಾಕಿಸಿ, ಸಭೆಯಲ್ಲಿ ಒಮ್ಮೆ ಓದಿ ಹೇಳಿ, ಅವರಿಗೆ ಲೇಖಕರ ಸಹಿಯಿರುವ ಪ್ರತಿ ಕೊಡಿ. ಶಾಲಿಗಿಂತ ಅದು ಹೆಚ್ಚು ದಿನ ಮನೆಯಲ್ಲಿ ಉಳಿಯುತ್ತದೆ.

ನಿಮ್ಮಂಥ ಕೇಳುಗರ ಕೈಯಲ್ಲಿಯೂ ಒಂದು ಕೆಲಸವಿದೆ. ಮುಂದಿನ ಸಲ ಇಂಥ ಸಭೆಯಲ್ಲಿ ಲೇಖಕರ ಸರದಿ ಬಂದಾಗ ಎದ್ದು ನಿಂತು, “ದಯವಿಟ್ಟು ಒಂದು ಪುಟ ಓದಿ” ಎಂದು ಕೇಳಿ. ನಾನು ಹಾಗೆ ಕೇಳಿದಾಗಲೆಲ್ಲ ಸಭೆ ಚಪ್ಪಾಳೆ ತಟ್ಟಿದೆ, ಲೇಖಕರ ಮುಖ ಅರಳಿದೆ.

ಪ್ರಶ್ನೆ: ಹುಮನಾಬಾದಿನ ಪದವಿ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೇನೆ. ಬೆಂಗಳೂರಿನ ಕಡೆಯ ಲೇಖಕರೊಬ್ಬರನ್ನು ಕರೆಸಬೇಕೆಂದು ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. ನಮ್ಮಲ್ಲಿ ಹಣ ಕಡಿಮೆ. ದೊಡ್ಡ ಲೇಖಕರು ಇಷ್ಟು ದೂರ ಬರುತ್ತಾರೆಯೇ?

ಉತ್ತರ: ಬರುತ್ತಾರೆ. ನಾನು ಕಂಡಂತೆ ಲೇಖಕರು ಹಿಂಜರಿಯುವುದು ದೂರಕ್ಕಲ್ಲ, ಅನಿಶ್ಚಿತತೆಗೆ. ಯಾರು ಕೇಳಲು ಬರುತ್ತಾರೆ, ಎಲ್ಲಿ ಇಳಿಸುತ್ತಾರೆ, ಮರಳಿ ಹೋಗುವ ಟಿಕೆಟ್ ಆಗಿದೆಯೇ ಎಂಬುದು ತಿಳಿಯದೆ ಯಾರಿಗೂ ಹೊರಡಲು ಮನಸ್ಸಾಗುವುದಿಲ್ಲ. ಆದ್ದರಿಂದ ಮೊದಲ ಪತ್ರದಲ್ಲಿಯೇ ಎಲ್ಲವನ್ನೂ ಬರೆಯಿರಿ: ದಿನಾಂಕ, ಹೊತ್ತು, ಎಷ್ಟು ವಿದ್ಯಾರ್ಥಿಗಳು, ಯಾವ ಕೃತಿಯ ಬಗ್ಗೆ ಮಾತು, ಎಷ್ಟು ಗೌರವಧನ ಕೊಡಲು ಸಾಧ್ಯ. ಮೊತ್ತ ಸಣ್ಣದಾಗಿದ್ದರೂ ಮೊದಲೇ ಹೇಳುವುದು ಮರ್ಯಾದೆ. ಕಾರ್ಯಕ್ರಮ ಮುಗಿದ ಮೇಲೆ ಲಕೋಟೆಯನ್ನು ಅವಸರದಲ್ಲಿ ಜೇಬಿಗೆ ತುರುಕುವುದು ಕೊಡುವವರಿಗೂ ಪಡೆಯುವವರಿಗೂ ಮುಜುಗರ.

ಪ್ರಯಾಣ ಈಗ ಮೊದಲಿನಷ್ಟು ಕಷ್ಟವಿಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್, ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ರೈಲುಗಳು ಕಲಬುರಗಿಯ ಮೂಲಕ ಹೋಗುತ್ತವೆ. 2019ರ ನವೆಂಬರ್‌ನಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ಆರಂಭವಾಗಿದೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ನಿಮ್ಮ ಹುಮನಾಬಾದ್ ಕೂಡ ಆ ದಾರಿಯಲ್ಲಿಯೇ ಬರುತ್ತದೆ. ಕಲಬುರಗಿಯ ಒಂದು ಕಾಲೇಜು, ಬೀದರಿನ ಒಂದು ಕಾಲೇಜು ಮತ್ತು ನೀವು ಕೂಡಿಕೊಂಡು ಒಬ್ಬರೇ ಲೇಖಕರನ್ನು ಮೂರು ದಿನಗಳಿಗೆ ಕರೆಸಿದರೆ ಪ್ರಯಾಣದ ಖರ್ಚು ಮೂರು ಪಾಲಾಗುತ್ತದೆ. ಲೇಖಕರಿಗೂ ಒಂದು ಭಾಷಣಕ್ಕಾಗಿ ಎರಡು ರಾತ್ರಿ ರೈಲಿನಲ್ಲಿ ಕಳೆಯುವ ಬದಲು ಬಸವಕಲ್ಯಾಣವನ್ನೋ ಬೀದರಿನ ಕೋಟೆಯನ್ನೋ ನೋಡುವ ಅವಕಾಶವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯಾರ್ಥಿಗಳ ಸಿದ್ಧತೆ. ಹಾರಕ್ಕೆ, ಫಲಕಕ್ಕೆ, ಬ್ಯಾನರಿಗೆ ಹೋಗುವ ಹಣದಲ್ಲಿ ಆ ಲೇಖಕರ ಒಂದೇ ಪುಸ್ತಕದ ಹದಿನೈದು ಇಪ್ಪತ್ತು ಪ್ರತಿಗಳನ್ನು ಕೊಂಡು, ಒಂದು ತಿಂಗಳು ಮೊದಲೇ ಮಕ್ಕಳ ಕೈಗೆ ಹಂಚಿ. ಒಂದು ಪ್ರತಿ ಮೂರು ಜನರ ಕೈ ದಾಟಿದರೂ ಐವತ್ತು ಜನ ಓದಿರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಆ ಪ್ರತಿಗಳು ಕಾಲೇಜಿನ ಗ್ರಂಥಾಲಯದಲ್ಲಿ ಉಳಿಯುತ್ತವೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಗೆ ಕಳಿಸುವ ವರದಿಗೆ ಛಾಯಾಚಿತ್ರ ಬೇಕೆಂಬ ಕಾರಣಕ್ಕೆ ಬೇರೆ ತರಗತಿಗಳ ವಿದ್ಯಾರ್ಥಿಗಳನ್ನು ತಂದು ಸಭಾಂಗಣ ತುಂಬಿಸಬೇಡಿ. ಓದಿದ ಐವತ್ತು ಜನ ಒಂದು ತರಗತಿ ಕೋಣೆಯಲ್ಲಿ ಸುತ್ತುವರಿದು ಕುಳಿತರೆ ಲೇಖಕರು ಮೈಕು ಬದಿಗಿಟ್ಟು ಮಾತಾಡುತ್ತಾರೆ. ಲೇಖಕರಿಂದ ಉಚಿತ ಪ್ರತಿಗಳನ್ನು ಮಾತ್ರ ಕೇಳಬೇಡಿ, ಅವರೂ ತಮ್ಮ ಪ್ರಕಾಶಕರಿಂದ ಹಣ ಕೊಟ್ಟೇ ಕೊಳ್ಳುತ್ತಾರೆ.

ಪ್ರಶ್ನೆ: ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ 2020ರಲ್ಲಿ ಒಮ್ಮೆ ಮಾತ್ರ ನಡೆದಿದೆ ಎಂದು ಸ್ನೇಹಿತರೊಬ್ಬರು ವಾದಿಸುತ್ತಾರೆ. ನಿಜವೇ? — ಸೇಡಂನ ಓದುಗರು

ಉತ್ತರ: ನಿಜವಲ್ಲ, ನಾಲ್ಕು ಸಲ ನಡೆದಿದೆ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯ, 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿದ್ಧಯ್ಯ ಪುರಾಣಿಕ, 2020ರ ಫೆಬ್ರುವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು. ಮೊದಲನೆಯದು ನಡೆದಾಗ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, ಆಡಳಿತದ ಭಾಷೆ ಉರ್ದು ಆಗಿತ್ತು. ಎರಡನೆಯದು 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ವಿಮೋಚನೆಯಾದ ಮರುವರ್ಷವೇ ನಡೆಯಿತು. ಆ ದಿನಗಳಲ್ಲಿ ಕನ್ನಡದ ಹೆಸರಿನಲ್ಲಿ ಒಂದೆಡೆ ಸೇರುವುದಕ್ಕೆ ಎಷ್ಟು ಅರ್ಥವಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕಾಗಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ನಿಮ್ಮ ತಾಲೂಕಿನ ಮಳಖೇಡವೇ ಆಗಿರುವುದರಿಂದ, ಈ ವಿಷಯದಲ್ಲಿ ಸೇಡಂನವರು ವಾದ ಮಾಡುವುದು ನನಗೆ ಸಂತೋಷವೇ.

ಪ್ರಶ್ನೆ: ಯಾದಗಿರಿಯಲ್ಲಿ ಖಾಸಗಿ ಕೆಲಸದಲ್ಲಿದ್ದೇನೆ, ಕವಿತೆ ಬರೆಯುತ್ತೇನೆ. ಮೊದಲ ಸಂಕಲನವನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಕಲಬುರಗಿಯಲ್ಲಿ ದೊಡ್ಡದಾಗಿ ಬಿಡುಗಡೆ ಮಾಡುವಂತೆ ಗೆಳೆಯರು ಹೇಳುತ್ತಾರೆ. ಸಾಲ ಮಾಡಬೇಕಾಗುತ್ತದೆ. ನಿಮ್ಮ ಸಲಹೆ ಏನು?

ಉತ್ತರ: ತಮ್ಮಾ, ಸಾಲ ಮಾಡಬೇಡ. ಪತ್ರದ ದನಿಯಿಂದ ವಯಸ್ಸು ಚಿಕ್ಕದೆಂದು ತಿಳಿದು ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಮಂಚದ ಕೆಳಗೆ ಬಂಡಲು ಕಟ್ಟಿದ ಹಾಗೆಯೇ ಉಳಿದು, ಮಳೆಗಾಲದಲ್ಲಿ ಅಂಚು ಹಳದಿಯಾದ ಕವನ ಸಂಕಲನಗಳನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಈಗ ಡಿಜಿಟಲ್ ಮುದ್ರಣದಲ್ಲಿ ನೂರು, ಇನ್ನೂರು ಪ್ರತಿಗಳನ್ನೂ ಹಾಕಿಸಬಹುದು. ಒಂದು ಪ್ರತಿಯ ಬೆಲೆ ಸ್ವಲ್ಪ ಹೆಚ್ಚಾದರೂ ಒಟ್ಟು ಹೊರೆ ಕಡಿಮೆ. ಅವು ಮುಗಿದರೆ ಮತ್ತೆ ಹಾಕಿಸಿದರಾಯಿತು.

ಅದಕ್ಕೂ ಮುಂಚೆ ಮಾಡಬೇಕಾದ ಕೆಲಸಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸುತ್ತದೆ. ಅರ್ಜಿ ಕರೆದಾಗ ಹಸ್ತಪ್ರತಿ ಸಿದ್ಧವಾಗಿರಬೇಕು, ಪುಸ್ತಕ ಅದಾಗಲೇ ಅಚ್ಚಾಗಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಪ್ರಕಟಣೆಯನ್ನು ಗಮನಿಸುತ್ತಿರು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಸರ್ಕಾರವೇ ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡ. ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದಿಂದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುತ್ತದೆ. ಆಯ್ಕೆಗೆ ಕಾಲ ಹಿಡಿಯುತ್ತದೆ, ಹಣ ಬರಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ, ಆ ಹಣವನ್ನು ನಂಬಿ ಸಾಲ ಮಾಡುವಂತಿಲ್ಲ. ಕವಿತೆಗಳನ್ನು ಮೊದಲು ಪತ್ರಿಕೆಗಳಿಗೆ ಕಳಿಸು, ಕಲಬುರಗಿ ಆಕಾಶವಾಣಿಗೂ ಕಳಿಸು. ಒಂದು ಕವಿತೆ ಬಾನುಲಿಯಲ್ಲಿ ಬಂದರೆ ನಿಮ್ಮ ಊರಿನ ಹೊಲದಲ್ಲಿ ಮೊಬೈಲ್ ಹಚ್ಚಿಕೊಂಡು ಕೆಲಸ ಮಾಡುವವರೂ ಕೇಳುತ್ತಾರೆ.

ಬಿಡುಗಡೆಯನ್ನು ಯಾದಗಿರಿಯಲ್ಲಿಯೇ ಮಾಡು. ನಿನ್ನನ್ನು ಬಲ್ಲವರು ಅಲ್ಲಿದ್ದಾರೆ. ಬಾಗಿಲ ಬಳಿ ಒಂದು ಮೇಜು ಹಾಕಿ, ಚಿಲ್ಲರೆ ಮತ್ತು ಕ್ಯೂಆರ್ ಸಂಕೇತದ ಚೀಟಿಯೊಡನೆ ಒಬ್ಬ ಗೆಳೆಯನನ್ನು ಅಲ್ಲಿ ಕೂಡ್ರಿಸು. ಸಭೆ ಆರಂಭವಾಗುವ ಮುಂಚಿನ ಅರ್ಧ ಗಂಟೆಗಿಂತ ನೀನು ಓದಿ ಮುಗಿಸಿದ ಮೇಲಿನ ಹತ್ತು ನಿಮಿಷದಲ್ಲಿ ಹೆಚ್ಚು ಪುಸ್ತಕ ಮಾರಾಟವಾಗುತ್ತವೆ, ಆದ್ದರಿಂದ ಆ ಹೊತ್ತಿಗೆ ಗೆಳೆಯ ಮೇಜು ಬಿಟ್ಟು ಎದ್ದು ಹೋಗದಂತೆ ನೋಡಿಕೊ.

ಪ್ರಶ್ನೆ: ನನ್ನ ಕತೆಗಳಲ್ಲಿ ಜನ ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. ಸಭೆಯಲ್ಲಿ ಓದುವಾಗ ಮಾತ್ರ ನಾಚಿಕೆಯಾಗಿ ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಓದುತ್ತೇನೆ. ಇದು ಸರಿಯೇ? — ಜೇವರ್ಗಿಯ ಲೇಖಕಿ

ಉತ್ತರ: ಸರಿಯಲ್ಲ, ತಾಯಿ. ನೀವು ಬರೆದದ್ದನ್ನು ಬರೆದಂತೆಯೇ ಓದಿ. ಇದೇ ಜಿಲ್ಲೆಯಲ್ಲಿ ಹುಟ್ಟಿ, ಇದೇ ನಗರದಲ್ಲಿ ಬದುಕಿದ ಗೀತಾ ನಾಗಭೂಷಣ ಅವರು ನಮ್ಮ ಕಡೆಯ ದುಡಿಯುವ ಹೆಣ್ಣುಮಕ್ಕಳ ಮಾತನ್ನು ಹಾಗೆಯೇ ಕಾದಂಬರಿಗೆ ತಂದರು. ಆ ಮಾತಿನಲ್ಲಿಯೇ ಬರೆದ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ನಿಮ್ಮ ಕತೆಯ ಮುದುಕಿ ಸಭೆಯಲ್ಲಿ ಪುಸ್ತಕದ ಕನ್ನಡ ಮಾತಾಡಿದರೆ ಅವಳು ನಿಮ್ಮ ಮುದುಕಿಯಾಗಿ ಉಳಿಯುವುದಿಲ್ಲ. ಮೈಸೂರು ಕಡೆಯ ಕೇಳುಗರಿದ್ದು ಕೆಲವು ಶಬ್ದ ತಿಳಿಯದೆಂಬ ಅನುಮಾನವಿದ್ದರೆ, ಓದುವ ಮುಂಚೆ ಅಂಥ ನಾಲ್ಕೈದು ಶಬ್ದಗಳ ಅರ್ಥ ಹೇಳಿ ಮುಂದುವರಿಯಿರಿ, ಓದಿನ ನಡುವೆ ನಿಲ್ಲಿಸಿ ವಿವರಿಸಬೇಡಿ.

ಪ್ರಶ್ನೆ: ನಮ್ಮ ನಗರದಲ್ಲಿ ಉರ್ದು ಲೇಖಕರ ಸಭೆಗೆ ಕನ್ನಡದವರು ಹೋಗುವುದಿಲ್ಲ, ಕನ್ನಡದ ಸಭೆಗೆ ಅವರು ಬರುವುದಿಲ್ಲ. ಒಂದೇ ಪೇಟೆಯಲ್ಲಿ ಇದ್ದುಕೊಂಡು ಹೀಗಿರುವುದು ಬೇಸರ ತರುತ್ತದೆ. ಏನಾದರೂ ದಾರಿಯಿದೆಯೇ? — ಕಲಬುರಗಿಯ ಪ್ರೌಢಶಾಲಾ ಶಿಕ್ಷಕಿ

ಉತ್ತರ: ನಿಮ್ಮ ಬೇಸರ ನನ್ನದೂ ಹೌದು. ಖಾಜಾ ಬಂದೇನವಾಜರ ಊರಿನಲ್ಲಿ, ಉರುಸಿನಲ್ಲಿಯೂ ಶರಣಬಸವೇಶ್ವರ ಜಾತ್ರೆಯಲ್ಲಿಯೂ ಎಲ್ಲರೂ ಸೇರುವ ಊರಿನಲ್ಲಿ, ಸಾಹಿತ್ಯ ಸಭೆಗಳು ಮಾತ್ರ ಬೇರೆ ಬೇರೆಯಾಗಿರುವುದಕ್ಕೆ ಮುಖ್ಯ ಕಾರಣ ಲಿಪಿ. ಕಿವಿಗೆ ಆ ಅಡ್ಡಿ ಕಡಿಮೆ. ನಮ್ಮ ಕಡೆಯ ಆಡು ಉರ್ದುವಾದ ದಖನಿ ಮಾತು ಪೇಟೆಯಲ್ಲಿ ವ್ಯಾಪಾರ ಮಾಡುವ ಎಲ್ಲರಿಗೂ ಅರ್ಥವಾಗುತ್ತದೆ, ಕನ್ನಡವೂ ಹಾಗೆಯೇ.

ನಾನು ಸೂಚಿಸುವ ದಾರಿ ಗಜಲ್. ಉರ್ದುವಿನಿಂದ ಈ ಪ್ರಕಾರವನ್ನು ಕನ್ನಡಕ್ಕೆ ತಂದು ಬೆಳೆಸಿದವರಲ್ಲಿ ರಾಯಚೂರು ಜಿಲ್ಲೆಯ ಶಾಂತರಸರು ಮುಂಚೂಣಿಯವರು. 2006ರಲ್ಲಿ ಬೀದರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಇಂದು ನಮ್ಮ ಜಿಲ್ಲೆಗಳಲ್ಲಿ ಕನ್ನಡದಲ್ಲಿ ಗಜಲ್ ಬರೆಯುವ ತರುಣರು ಬಹಳ ಇದ್ದಾರೆ. ನಾಲ್ವರು ಉರ್ದು ಕವಿಗಳನ್ನೂ ನಾಲ್ವರು ಕನ್ನಡ ಗಜಲ್‌ಕಾರರನ್ನೂ ಒಂದೇ ಜಮಖಾನೆಯ ಮೇಲೆ ಕೂಡ್ರಿಸಿ, ಒಬ್ಬರ ನಂತರ ಇನ್ನೊಬ್ಬರಂತೆ ಓದಿಸಿ. ಪ್ರತಿ ಗಜಲ್‌ನ ಎರಡು ದ್ವಿಪದಿಗಳನ್ನಾದರೂ ಮೊದಲೇ ಇನ್ನೊಂದು ಭಾಷೆಗೆ ಮಾಡಿಸಿಟ್ಟುಕೊಂಡು ಓದಬೇಕು. ಅನುವಾದವನ್ನು ಸಭೆಯಲ್ಲಿಯೇ ಬಾಯಿಗೆ ಬಂದಂತೆ ಮಾಡಿದರೆ ಪದ್ಯ ಕೆಡುತ್ತದೆ. ಮುಶಾಯಿರಾದ ರೂಢಿಯಂತೆ ಮೆಚ್ಚಿದ ಸಾಲನ್ನು ಮತ್ತೊಮ್ಮೆ ಕೇಳುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ. ಭಾಷಣ ಒಂದೂ ಬೇಡ. ನಿಮ್ಮ ಶಾಲೆಯ ಉರ್ದು ಶಿಕ್ಷಕರ ಜೊತೆ ಈ ಮಾತನ್ನು ಮೊದಲು ಆಡಿ ನೋಡಿ.

ಪ್ರಶ್ನೆ: ಚಿತ್ತಾಪುರದಲ್ಲಿ ನಾವು ಏಳೆಂಟು ಜನ ಓದುವ ಹವ್ಯಾಸದವರಿದ್ದೇವೆ. ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುವ ಬಳಗ ಕಟ್ಟಬೇಕೆಂದಿದ್ದೇವೆ. ಹೇಗೆ ಆರಂಭಿಸುವುದು?

ಉತ್ತರ: ಬಳಗಕ್ಕೆ ಹೆಸರು, ಅಧ್ಯಕ್ಷರು, ಕಾರ್ಯದರ್ಶಿ ಎಂಬುದನ್ನು ಮೊದಲ ವರ್ಷ ಇಟ್ಟುಕೊಳ್ಳಬೇಡಿ. ತಿಂಗಳ ಎರಡನೆಯ ಭಾನುವಾರ ಎಂಬಂತೆ ಒಂದು ದಿನ ಗೊತ್ತು ಮಾಡಿ, ಮಳೆಯಿರಲಿ ಮದುವೆಯಿರಲಿ, ಮೂವರೇ ಬರಲಿ, ಆ ದಿನ ತಪ್ಪಿಸಬೇಡಿ. ಸ್ಥಳಕ್ಕಾಗಿ ತಾಲೂಕು ಗ್ರಂಥಾಲಯದವರನ್ನು ಕೇಳಿ, ಓದುಗರು ಬರುತ್ತೇವೆಂದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಆಗದಿದ್ದರೆ ಯಾರದಾದರೂ ಮನೆಯ ಪಡಸಾಲೆ ಸಾಕು.

ಮೊದಲ ಕೆಲವು ತಿಂಗಳು ದಪ್ಪ ಕಾದಂಬರಿಗೆ ಕೈಹಾಕದೆ ಒಂದೊಂದು ಕತೆಯನ್ನು ತೆಗೆದುಕೊಳ್ಳಿ. ಒಬ್ಬರು ಅದನ್ನು ಗಟ್ಟಿಯಾಗಿ ಪೂರ್ತಿ ಓದಲಿ, ಎಲ್ಲರೂ ಕೇಳಿದ ಮೇಲೆ ಮಾತು ಆರಂಭವಾಗಲಿ. ಹೀಗೆ ಮಾಡಿದರೆ ಮನೆಯಲ್ಲಿ ಓದಿಕೊಂಡು ಬರಲಾಗದವರೂ, ಓದಲು ಬಾರದ ಹಿರಿಯರೂ ಕೂಡಿಕೊಳ್ಳಬಹುದು. ಆರು ತಿಂಗಳು ನಡೆದ ಮೇಲೆ ಕಲಬುರಗಿಯಿಂದ ಒಬ್ಬ ಲೇಖಕರನ್ನು ಕರೆಯಿರಿ. ಅವರ ಕತೆಯನ್ನು ಮೊದಲೇ ಓದಿ ಚರ್ಚಿಸಿರುತ್ತೀರಿ ಎಂದು ತಿಳಿದರೆ ಅವರು ಬಸ್ಸಿನಲ್ಲಿಯೇ ಸಂತೋಷದಿಂದ ಬರುತ್ತಾರೆ. ನಾನೂ ಬರಲು ಸಿದ್ಧನಿದ್ದೇನೆ. ಹೆಣ್ಣುಮಕ್ಕಳೂ ಸುತ್ತಲಿನ ಹಳ್ಳಿಯವರೂ ಬರಬೇಕೆಂದಿದ್ದರೆ ಸಭೆಯನ್ನು ಸಂಜೆಗೆ ಇಡದೆ ಮಧ್ಯಾಹ್ನ ಮೂರು ಗಂಟೆಗೆ ಇಡಿ, ಹಳ್ಳಿಗಳ ಕಡೆಗೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ನಿಲ್ದಾಣದಲ್ಲಿ ಕೇಳಿಕೊಂಡು ಅದಕ್ಕೆ ಅರ್ಧ ಗಂಟೆ ಮೊದಲೇ ಮುಗಿಸಿ.